ಯಾರ ಪೈಕಿ

ಸಿಮ್ಲಾ,
೧೮-೧೧-೧೯೪೫, ಭಾನುವಾರ

ತೀರ್ಥರೂಪರಾದ ಅಪ್ಪಯ್ಯನವರಿಗೆ ವೈಕುಂಠ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ದೇವಸ್ಥಾನದ ಮೆಟ್ಟಿಲು ಹತ್ತುವಾಗ ಈಗಲೂ ಕಂಬ ಹಿಡಿದುಕೊಳ್ಳುತ್ತೀರಾ? ಅಮ್ಮನ ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀರಿ. ಹಾಗೆಂದು ಹೇಳಿದವರು ಅಮ್ಮನೋ, ಪಂಡಿತರೋ, ಅಥವಾ ದೂರದಲ್ಲಿರುವ ಮಗ ಹೆದರದಿರಲಿ ಎಂದು ನೀವೇ ಸೇರಿಸಿದ್ದೋ? ನನಗೆ ಸಂಶಯ. ಮುಂದಿನ ಸಲ ಅಮ್ಮನ ಮಾತನ್ನು ಅಮ್ಮ ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ತಂಗಿ ಗೋಮತಿ ಬ್ರಹ್ಮಾವರದಿಂದ ಬಾಣಂತನಕ್ಕೆ ಬಂದಿದ್ದಾಳೆಯೇ? ಅವಳ ಅತ್ತೆ ಕಳಿಸುತ್ತೇನೆ ಎಂದು ಒಪ್ಪಿ ಕೊನೆಗೆ ತಿಥಿವಾರದ ನೆಪ ಹೇಳುವವರು, ಜಾಗ್ರತೆ. ನಾನು ಸೌಖ್ಯ. ಇಲ್ಲಿಯ ಚಳಿ ನೀವು ನೆನೆಸುವಂಥದಲ್ಲ. ಬೆಳಿಗ್ಗೆ ಕೊಡದ ನೀರಿನ ಮೇಲೆ ಗಾಜಿನ ಹಾಗೆ ಪೊರೆ ಕಟ್ಟಿರುತ್ತದೆ, ಅದನ್ನು ಒಡೆದು ಮುಖ ತೊಳೆಯಬೇಕು. ನೀವು ಕೊಟ್ಟ ಕಂಬಳಿ ಹೊದೆಯುತ್ತಿದ್ದೇನೆ. ಅದನ್ನೊಂದು ನಿಮ್ಮಿಂದ ತೆಗೆದುಕೊಂಡು ಬಂದದ್ದು ಒಳ್ಳೆಯದಾಯಿತು.

ನಿಮ್ಮ ಕಾರ್ಡು ಮೊನ್ನೆ ಮುಟ್ಟಿತು. ಕೊಲ್ಲೂರಿಗೆ ಹೋಗುವವರು ನನಗಾಗಿ ಬೈಂದೂರಿನಲ್ಲಿ ಇಳಿದು, ನೋಯುವ ಮಂಡಿಯಲ್ಲಿ ನಾಲ್ಕು ಮನೆ ವಿಚಾರಿಸಿದಿರಿ. "ಶಾಮಭಟ್ಟನೆಂಬವನ ಮನೆ ಬೈಂದೂರಿನಲ್ಲಿ ಇಲ್ಲ, ಇದ್ದದ್ದೂ ಇಲ್ಲ. ಅಂಥವನ ಕೈಯ ಅನ್ನ ಉಣ್ಣಬೇಡ. ಮೆಸ್ಸಿನ ಯಜಮಾನರ ವಿಳಾಸ ತಿಳಿಸು, ನಾನೇ ಬರೆಯುತ್ತೇನೆ" ಎಂದು ಬರೆದಿದ್ದೀರಿ. ಆ ವಿಳಾಸ ಈ ಪತ್ರದಲ್ಲಿ ಇಲ್ಲ. ಯಾಕೆ ಇಲ್ಲ ಎನ್ನುವುದಕ್ಕೆ ಮೊದಲಿನಿಂದ ಹೇಳಬೇಕು. ಕಾರ್ಡಿನಲ್ಲಿ ಹಿಡಿಸುವ ಮಾತಲ್ಲ, ಹಿಡಿಸಿದರೂ ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ. ಸಾಸ್ತಾನದ ಅಂಚೆಯವ ನಮ್ಮ ಜಗುಲಿಗೆ ಬರುವ ಮೊದಲೇ ಮೂರು ಜಗುಲಿಗಳಲ್ಲಿ ನಮ್ಮ ಸುದ್ದಿ ಓದಿ ಮುಗಿಸಿರುತ್ತಾನೆ. ಲಕೋಟೆಯ ಅಂಟನ್ನು ನೋಡಿಯೇ ಒಡೆಯಿರಿ.

ಆರತಿಯ ತಟ್ಟೆಗೆ ಬಿದ್ದ ದಕ್ಷಿಣೆಯಿಂದ ನಾನು ಓದುವುದಿಲ್ಲ ಎಂದು ನಿಮ್ಮೆದುರು ಹೇಳಿ ಹೊರಟವನು ನಾನು. ಹಿಂದಿ ವಿದ್ಯಾಲಯದಲ್ಲಿ ಪಾಠ ಇರುವುದು ಮಧ್ಯಾಹ್ನ. ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ಏನಾದರೂ ಕೆಲಸ ಹಿಡಿದರೆ ಊಟ ನಡೆಯುತ್ತದೆ ಎಂದು ಎಣಿಸಿದ್ದೆ. ಹುಡುಕಲು ಹೊರಟಾಗ ಗೊತ್ತಾಯಿತು, ಈ ಊರಿನಲ್ಲಿ ಅರ್ಧ ಹೊತ್ತಿನ ಕೆಲಸ ಕೊಡುವವನು ನಮ್ಮಿಂದ ಇಡೀ ಮನುಷ್ಯನನ್ನೇ ಕೇಳುತ್ತಾನೆ. ಮೊದಲು ಒಬ್ಬ ಕಂಟ್ರಾಕ್ಟರನ ಮಕ್ಕಳಿಗೆ ಲೆಕ್ಕ ಕಲಿಸಲು ಹೋದೆ. ಅವನ ಉಗ್ರಾಣದ ಬಾಗಿಲು ತೆರೆದಿತ್ತು, ಒಳಗೆ ಸೈನ್ಯಕ್ಕೆಂದು ಹೊಲಿದ ಕಂಬಳಿಗಳು ಮಾಡಿನವರೆಗೆ ಪೇರಿಸಿದ್ದವು. ಹೊರಗೆ ರಿಕ್ಷಾ ಎಳೆಯುವವರು ಗೋಣಿ ಹೊದ್ದು ಕೆಮ್ಮುತ್ತ ಕೂತಿದ್ದರು. ಮಾರನೇ ದಿನ ಆ ಕಡೆ ಹೋಗಲಿಲ್ಲ. ಆಮೇಲೆ ಒಂದು ಔಷಧದ ಅಂಗಡಿ. ಅಲ್ಲಿ ಬಾವಿನೀರು ತುಂಬಿದ ಬಾಟಲಿಗಳಿಗೆ 'ಹಿಮಾಲಯದ ಮೂಲಿಕೆ' ಎಂದು ಚೀಟಿ ಬರೆಯಬೇಕಿತ್ತು. ಯಾವ ಮೂಲಿಕೆ ಎಂದು ಕೇಳಿದ್ದಕ್ಕೆ ಯಜಮಾನ ನಕ್ಕ. ನಾನು ನಗಲಿಲ್ಲ, ಕೆಲಸ ಹೋಯಿತು. ನೀವು ಈಗ, ಇವನಿಗೆ ಎಲ್ಲಿಯೂ ಸರಿ ಬರುವುದಿಲ್ಲ ಎನ್ನುತ್ತೀರಿ. ಹೌದು, ಬರುವುದಿಲ್ಲ.

ಹಾಗೆ ಅಲೆಯುತ್ತಿದ್ದಾಗ, ಮದರಾಸಿನ ಕಡೆಯ ಗುಮಾಸ್ತರು ಸೇರಿ ನಡೆಸುವ ಒಂದು ಬ್ರಾಹ್ಮಣ ಮೆಸ್ಸಿನಲ್ಲಿ ಎರಡು ಹೊತ್ತು ಬಡಿಸಲು ಜನ ಬೇಕು ಎಂಬ ಸುದ್ದಿ ಸಿಕ್ಕಿತು. ಸರಕಾರದ ಗುಮಾಸ್ತರಿಗೆ ಬಡಿಸುವುದು ಸರಕಾರದ ಚಾಕರಿಯೇ ಅಲ್ಲವೇ ಎಂದು ತುಂಬ ಯೋಚಿಸಿದೆ. ನನ್ನ ಸ್ವರಾಜ್ಯದ ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹಸಿವಿನ ಹತ್ತಿರ ಇತ್ತು. ಮೆಸ್ಸಿನ ಸೆಕ್ರೆಟರಿ ತಂಜಾವೂರಿನವರು, ಸಭ್ಯರು, ಮಾತು ಕಡಿಮೆ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಒಳಗಿನಿಂದ ಅಡಿಗೆಯವನನ್ನು ಕರೆದು, "ಈತ ನಿಮ್ಮ ಜಿಲ್ಲೆಯವನಂತೆ, ಗೊತ್ತೋ?" ಎಂದು ಹಿಂದಿಯಲ್ಲಿ ಕೇಳಿದರು. ಆ ಅಡಿಗೆಯವನೇ ಶಾಮಭಟ್ಟ. ನಲವತ್ತರ ಪ್ರಾಯ, ಅಗಲ ಭುಜ, ಒಲೆಯ ಬಿಸಿಗೆ ಕೆಂಪಾದ ಕಣ್ಣು. ನನ್ನ ಕಡೆ ಒಂದು ಸಲ ನೋಡಿ, "ಗೊತ್ತು. ಒಳ್ಳೆಯ ಮನೆತನ" ಎಂದ. ಅಪ್ಪಯ್ಯ, ಅವನು ನನ್ನನ್ನು ಹಿಂದೆ ಕಂಡವನೇ ಅಲ್ಲ.

ನನ್ನ ಸಂಶಯ ಹುಟ್ಟಿದ್ದು ಅಲ್ಲಿ. ಬೆಳೆದದ್ದು ಆಮೇಲೆ. ನಮ್ಮ ಕಡೆಯವರು ಪರವೂರಿನಲ್ಲಿ ಎದುರಾದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಕೊಟ್ಟ ನೀರು ಕುಡಿದು ಮುಗಿಯುವುದರೊಳಗೆ, ಹ್ವಾಯ್, ನಿಮ್ಮನಿ ಎಲ್ಲಾಯ್ತ್, ಯಾರ್ ಪೈಕಿ, ಅಮ್ಮನ್ ಮನಿ ಎಲ್ಲಿ, ತಂಗಿನ್ ಎಲ್ಲಿಗ್ ಕೊಟ್ಟದ್ದ್ ಎಂದು ಕೇಳಿ, ಎಲ್ಲಿಯಾದರೂ ಒಂದು ಸಂಬಂಧ ಹುಡುಕಿ ತೆಗೆಯದೆ ಬಿಡುವವರಲ್ಲ. ನೀವು ನಮ್ಮ ಹದಿನಾಲ್ಕು ಗ್ರಾಮಗಳ ಮನೆಗಳನ್ನೂ ಬೆರಳಲ್ಲಿ ಮಡಿಸಿಟ್ಟವರು. ಶಾಮಭಟ್ಟ ಮಾತ್ರ ನನ್ನನ್ನು ಒಂದನ್ನೂ ಕೇಳಲಿಲ್ಲ. ಕುಂದಾಪುರದ ಮಾತನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಾನೆ, ಬೈಂದೂರು ಎನ್ನುತ್ತಾನೆ, ಆದರೆ ನೀನು ಯಾರ ಮಗ ಎಂದು ಕೇಳುವುದಿಲ್ಲ! ಕೇಳದವನಿಗೆ ಎಲ್ಲ ಮೊದಲೇ ಗೊತ್ತಿರಬೇಕು. ಮೊದಲೇ ಗೊತ್ತಿರುವುದು ಯಾರಿಗೆ? ಪೊಲೀಸರಿಗೆ. ನಲವತ್ತೆರಡರಲ್ಲಿ ಕುಂದಾಪುರ ಪೇಟೆಯಲ್ಲಿ ಕರಪತ್ರ ಹಂಚಿದ ನನ್ನ ಹೆಸರು ಎಲ್ಲಿಯೋ ಬರೆದಿಟ್ಟಿದ್ದಾರೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ನೀವು ನಗಬಹುದು.

ಇನ್ನೊಂದು ಇದೆ, ಇದು ನಿಮಗೆ ಈಗ ಮೊದಲು ತಿಳಿಯುತ್ತಿರುವುದು. ಊರು ಬಿಟ್ಟ ದಿನವೇ ನಾನು ಜನಿವಾರ ತೆಗೆದು ಹೊಳೆಗೆ ಹಾಕಿದೆ. ಮೆಸ್ಸಿನಲ್ಲಿ ಬರಿ ಮೈಯಲ್ಲಿ, ಪಂಚೆಯುಟ್ಟು ಬಡಿಸಬೇಕು ಎಂದು ಸೆಕ್ರೆಟರಿ ಹೇಳಿದಾಗ, ನಾಳೆಯಿಂದ ಬರುತ್ತೇನೆ ಎಂದೆ. ನಾನು ಬಗ್ಗಿ ಕೈ ತೊಳೆಯುವಾಗ ನನ್ನ ಅಂಗಿಯ ಕಂಠದೊಳಗೆ ಶಾಮಭಟ್ಟ ನೋಡಿದ್ದನ್ನು ನಾನೂ ನೋಡಿದೆ. ಮಾರನೇ ಬೆಳಿಗ್ಗೆ ಅಡಿಗೆಮನೆಯ ಗೂಟದಲ್ಲಿ ಒಂದು ಹೊಸ ಜನಿವಾರ ತೂಗುತ್ತಿತ್ತು. ಬೆನ್ನು ತಿರುಗಿಸಿ ಸಾಸಿವೆ ಸಿಡಿಸುತ್ತಲೇ, "ಹಾಯ್ಕಣಿ ಭಟ್ರೆ, ಈ ಚಳಿಗೆ ಅದೂ ಒಂದ್ ಬೆಚ್ಚಗೆ" ಎಂದ. ಹಾಕಿಕೊಂಡೆ. ನನ್ನ ಗುಟ್ಟು ಹಿಡಿದವನು ಅದನ್ನು ಹೇಳದೆ ಇಟ್ಟುಕೊಂಡಿದ್ದಾನೆ ಎಂದರೆ ಯಾವಾಗಲೋ ಬಳಸುತ್ತಾನೆ ಎಂದುಕೊಂಡೆ. ಅವನಿಗೆ ಊರಿಂದ ಒಂದು ಕಾಗದವೂ ಬರುವುದಿಲ್ಲ ಎಂದು ತಿಳಿದಾಗ, ಪೊಲೀಸರ ಜನವೇ ಎಂದು ಗಟ್ಟಿಯಾಯಿತು. ಆಗಲೇ ನಿಮಗೆ ಬರೆದು, ಬೈಂದೂರಿನಲ್ಲಿ ವಿಚಾರಿಸಿ ಎಂದದ್ದು.

ಮೊನ್ನೆ ವಿದ್ಯಾಲಯದ ವಿಳಾಸಕ್ಕೆ ಬಂದ ನಿಮ್ಮ ಕಾರ್ಡು ಹಿಡಿದು ಮೆಸ್ಸಿಗೆ ಬಂದಾಗ ಗುಮಾಸ್ತರೆಲ್ಲ ಉಂಡು ಕಚೇರಿಗೆ ಹೋಗಿದ್ದರು. ಕಡೆಯ ಪಂಕ್ತಿ ನನ್ನೊಬ್ಬನದೇ. ಇಲ್ಲಿ ಬಾಳೆಎಲೆ ಇಲ್ಲ, ಹಿತ್ತಾಳೆಯ ತಟ್ಟೆ. ಅವನು ಅನ್ನ ಬಡಿಸುತ್ತಿದ್ದ. ನಾನು ಕಾರ್ಡನ್ನು ಅವನ ಮುಖದೆದುರು ಹಿಡಿದು, ನಿನ್ನ ಮನೆ ಬೈಂದೂರಿನಲ್ಲಿ ಇಲ್ಲ ಎಂದು ನಮ್ಮ ಅಪ್ಪಯ್ಯ ಬರೆದಿದ್ದಾರೆ, ನೀನು ಪೊಲೀಸರ ಜನ, ಸಂಜೆಯೊಳಗೆ ಇಡೀ ಮೆಸ್ಸಿಗೆ ಹೇಳುತ್ತೇನೆ ಎಂದೆ. ಅವನು ಹೆದರುತ್ತಾನೆ ಎಂದುಕೊಂಡಿದ್ದೆ. ಮೊದಲು ಹೆದರಿದ, ನಿಜ, ಮುಖ ಬೂದಿಯಾಯಿತು. ಆಮೇಲೆ 'ಪೊಲೀಸ್' ಎಂಬ ಮಾತು ಒಳಗೆ ಇಳಿಯಿತೋ ಏನೋ, ನಗಲು ತೊಡಗಿದ. ಸೌಟು ಕೆಳಗಿಟ್ಟು ನಕ್ಕ. "ಎಂತ ಮಾರಾಯ್ರೆ! ಪೊಲೀಸ್ನವ್ರ್ ನನ್ ಹಾಂಗ್ ಹೊತ್ತಾರೆ ಎದ್ದ್ ತಣ್ಣೀರ್ ಮೀತ್ರಾ?" ಎಂದ. ಹಾಗಾದರೆ ನೀನು ನನ್ನನ್ನು ಯಾರ ಪೈಕಿ ಎಂದು ಯಾಕೆ ಕೇಳಲಿಲ್ಲ ಎಂದೆ. ಅವನ ನಗು ನಿಂತಿತು. "ನಾನ್ ನಿಮ್ಮತ್ರ ಕೇಂಡ್ರೆ, ನೀವ್ ನನ್ನತ್ರ ಕೇಣ್ದೆ ಬಿಡ್ತ್ರಿಯಾ?" ಎಂದ.

ಆಮೇಲೆ ಹೇಳಿದ. ಅವನು ಕಡಲ ಬದಿಯವನು, ಬಲೆ ಎಳೆಯುವವರ ಪೈಕಿ. ಎಳೆಯ ಪ್ರಾಯದಲ್ಲಿ ಮಚ್ವೆ ದೋಣಿ ಹತ್ತಿ ಮುಂಬಯಿಗೆ ಹೋಗಿ ನಮ್ಮ ಕಡೆಯವರ ಹೋಟೆಲಿನಲ್ಲಿ ಲೋಟ ತೊಳೆದು, ನೋಡಿ ನೋಡಿ ಅಡಿಗೆ ಕಲಿತ. ಅಡಿಗೆ ಬಂದರೂ ಒಲೆಯ ಹತ್ತಿರ ಬಿಡಲಿಲ್ಲ. ಯಾರೂ ಗುರುತಿಸದಷ್ಟು ದೂರ ಬಂದ ಮೇಲೆ ಭಟ್ಟನಾದ. ಅವನ ನಿಜವಾದ ಹೆಸರು, ಊರು ನನಗೆ ಗೊತ್ತು. ಬರೆಯುವುದಿಲ್ಲ. ಬೇಸರಿಸಬೇಡಿ, ಅಷ್ಟು ನಂಬಿಕೆ ನನಗೆ ನಿಮ್ಮ ಮೇಲೂ ಇಲ್ಲ. ಎಲ್ಲ ಹೇಳಿ ಅವನು, "ಈಗ್ ಸಮಾ ಯೋಚ್ನಿ ಮಾಡಿ ಹೇಳಿ, ಪೊಲೀಸ್ನವನ್ ಕೈ ಅನ್ನ ಅಡ್ಡಿಲ್ಯಾ, ನನ್ ಕೈದ್ ಅಡ್ಡಿಲ್ಯಾ?" ಎಂದ. ಎಷ್ಟು ಕರಪತ್ರ ಓದಿದ್ದೇನೆ ಅಪ್ಪಯ್ಯ, ಎಷ್ಟು ಜನರ ಎದುರು ಕೂಗಿ ಹೇಳಿದ್ದೇನೆ, ಹುಟ್ಟಿನಲ್ಲಿ ಮೇಲು ಕೀಳಿಲ್ಲ ಎಂದು. ಆದರೂ ನನ್ನ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. ಅವನು ಅದನ್ನು ನೋಡಿದ. "ಉಣ್ಣಿ, ಅನ್ನ ತಣಿತ್ತ್" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದ. ಉಂಡೆ. ಮತ್ತೊಮ್ಮೆ ಬಡಿಸಿಕೊಂಡು ಉಂಡೆ.

ಆದ್ದರಿಂದ ವಿಳಾಸ ಕೇಳಬೇಡಿ. ನೀವು ಒಂದು ಸಾಲು ಬರೆದರೆ ಅವನನ್ನು ಬರೀ ಕೆಲಸದಿಂದ ತೆಗೆಯುವುದಿಲ್ಲ, ಇಷ್ಟು ವರ್ಷ ಅವನ ಕೈಯಲ್ಲಿ ಉಂಡವರು ಅವನನ್ನು ಈ ಬೆಟ್ಟದಿಂದ ಕೆಳಗೆ ಜೀವಸಹಿತ ಇಳಿಯಲು ಬಿಡುತ್ತಾರೋ ಇಲ್ಲವೋ ನನಗೆ ಸಂಶಯ. ಅಷ್ಟು ಜನರ ಜಾತಿ ಉಳಿಸಿದೆ ಎಂದು ನೀವು ಸಮಾಧಾನಪಡಬಹುದು. ನನಗೆ ಅಂಥ ಸಮಾಧಾನ ಬೇಡ. ಅವರ ಮೈ ಮನಸ್ಸಿಗೆ ಇದುವರೆಗೆ ಏನೂ ಆಗಿಲ್ಲ; ಸಾರು ಇನ್ನಷ್ಟು ಎನ್ನುತ್ತಾರೆ ಅಷ್ಟೆ. ನಾನು ಈ ಕೆಲಸ ಬಿಡುವುದಿಲ್ಲ. ನನ್ನ ತಲೆ ಕೆಟ್ಟಿದೆ ಎಂದು ಅಮ್ಮನಿಗೆ ಹೇಳಬೇಡಿ, ಊಟ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಿ. ಅದು ಸತ್ಯ.

ಅಮ್ಮನಿಗೆ ನನ್ನ ನಮಸ್ಕಾರ. ಚಳಿಯಲ್ಲಿ ಬೆಳಗಿನ ಸ್ನಾನಕ್ಕೆ ಬಿಸಿನೀರು ಕಾಯಿಸಿಕೊಳ್ಳಲಿ, ದೇವರು ಮುನಿಯುವುದಿಲ್ಲ. ಗೋಮತಿಗೆ ಆಶೀರ್ವಾದ, ಹುಟ್ಟುವ ಕೂಸಿಗೆ ಮುತ್ತು. ನಿಮ್ಮ ಕಾಲಿಗೆ ಬೀಳುತ್ತೇನೆ. ನಿಮ್ಮ ಕಾರ್ಡನ್ನು ಒಲೆಗೆ ಹಾಕಿದ್ದಕ್ಕೂ ಸೇರಿಸಿ.

ನಿಮ್ಮ ಮಗ,
ವೈಕುಂಠ

ಅಂಟು ಹಾಕುವ ಮೊದಲು ಮತ್ತೆ ಬಿಚ್ಚಿದ್ದೇನೆ. ಸೆಕ್ರೆಟರಿ ಈಗ ಬಂದು ಹೋದರು. ಸಾರಿನ ಉಪ್ಪಿನ ಜಗಳದಲ್ಲಿ ಯಾರೋ ಸದಸ್ಯ, ಅಡಿಗೆಯವನ ಕುಲಗೋತ್ರಕ್ಕೆ ಊರಿನಿಂದ ಸಾಕ್ಷಿ ತರಿಸಿ ಎಂದು ಹಟ ಹಿಡಿದನಂತೆ. ಕೆಲಸಕ್ಕೆ ಸೇರುವಾಗ ನಾನು ಬರೆಸಿದ ಊರಿನ ವಿಳಾಸ ನೋಡಿ, ನೀವು ಆ ಸೀಮೆಯ ಅರ್ಚಕರೆಂದು ಅವರು ನಿನ್ನೆಯೇ ನಿಮಗೆ ಬರೆದುಬಿಟ್ಟಿದ್ದಾರೆ. ನಾನು ನಿಮಗೆ ಕೊಡದ ಮೆಸ್ಸಿನ ವಿಳಾಸ ಆ ಕಾಗದದ ತಲೆಯಲ್ಲೇ ಇರುತ್ತದೆ. ನನ್ನನ್ನೂ ಕೇಳಿದರು. ಶಾಮಭಟ್ಟ ಅಮ್ಮನ ಹಟ್ಟಿಯಂಗಡಿಯ ಅಣ್ಣನ ಮಗ, ಬೈಂದೂರಿನಲ್ಲಿ ಬೆಳೆದವನು, ನನಗೆ ಭಾವ ಎಂದು ಹೇಳಿಬಿಟ್ಟೆ. ನೀವು ಸುಳ್ಳು ಬರೆಯುವವರಲ್ಲ, ಬರೆಯಿರಿ ಎಂದು ಕೇಳುವುದೂ ಇಲ್ಲ. ಅದನ್ನು ನಿಜ ಮಾಡಿ. ವೈಶಾಖದಲ್ಲಿ ಅವನನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ನಮ್ಮ ಒಳಮನೆಯಲ್ಲಿ, ನಿಮ್ಮ ಪಂಕ್ತಿಯಲ್ಲಿ, ನನ್ನ ಪಕ್ಕ ಅವನಿಗೆ ಎಲೆ ಹಾಕಿಸಿ, ಅಮ್ಮ ಬಡಿಸಲಿ. ಹಾಕಿಸುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಸೆಕ್ರೆಟರಿಗೆ 'ನಮ್ಮ ಪೈಕಿ' ಎಂದು ಉತ್ತರ ಬರೆಯಿರಿ. ಆಗದು ಎಂದಾದರೆ ನನಗೂ ಎಲೆ ಹಾಕಿಸಬೇಡಿ.