ಬಚ್ಚಲಲ್ಲಿಟ್ಟ ಬೋರ್ಡು

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಒಂದು ಸುಳ್ಳು ಹೇಳಿದರೆ ಯಾರಪ್ಪನ ಗಂಟು ಹೋಗುತ್ತೆ ಅಂತ ಬರೆದಿದ್ದೀಯಲ್ಲ, ಹೋಗುತ್ತೆ ಕಣೇ. ಯಾರದು ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಹಾಸ್ಟೆಲಿನಲ್ಲಿ ಬಿಸಿನೀರು ಕೊಡುತ್ತಾರೋ ಇಲ್ಲವೋ? ನಿನ್ನ ಕೋಣೆಯವಳು ಇನ್ನೂ ನಿನ್ನ ಸೋಪೇ ಸವೆಸುತ್ತಿದ್ದಾಳಾ? ನಾವೆಲ್ಲ ಚೆನ್ನಾಗಿದ್ದೇವೆ. ಅಂದರೆ ಮೈಯಲ್ಲಿ ಚೆನ್ನಾಗಿದ್ದೇವೆ. ಮಿಕ್ಕಿದ್ದು ನೋಡಿದರೆ ನನಗೆ ಅಸಹ್ಯವಾಗುತ್ತದೆ.

ಹೋದ ಭಾನುವಾರ ನಿನಗೆ ಗೊತ್ತಾದ ಹುಡುಗನ ಮನೆಯವರು ಬಂದಾಗ ಅಪ್ಪ ನಮ್ಮ ದೊಡ್ಡಪ್ಪನನ್ನು ಕಣ್ಣಿನ ಡಾಕ್ಟರು ಅಂತ ಪರಿಚಯಿಸಿದ್ದು ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಕೇಳು. ಅವರು ಬರುವ ಮೊದಲೇ ಅಪ್ಪ ಗೇಟಿನ ಬೋರ್ಡು ಬಿಚ್ಚಿದ. ದೊಡ್ಡಪ್ಪ ದೊಡ್ಡಾಸ್ಪತ್ರೆಯಿಂದ ನಿವೃತ್ತರಾಗಿ ನಮ್ಮ ಮುಂದಿನ ಕೋಣೆಯಲ್ಲಿ ಕೂರಲು ಶುರು ಮಾಡಿದಾಗ ಹಾಕಿದ್ದು, ‘ಮನೋವೈದ್ಯರು’ ಅಂತ ಬಿಳಿ ಅಕ್ಷರದಲ್ಲಿ ಬರೆದದ್ದು. ಅದೀಗ ಬಚ್ಚಲಲ್ಲಿದೆ. ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಗಿಸುತ್ತಾರೆ. ನಾನು ರೋಗಿಗಳ ಟೋಕನ್ ಕೂಗುವ ಕೋಣೆಯ ಗೋಡೆಗೆ ಅಪ್ಪ ಎಲ್ಲಿಂದಲೋ ಒಂದು ಕಣ್ಣಿನ ಚಾರ್ಟು ತಂದು ಅಂಟಿಸಿದ್ದಾನೆ, ಮೇಲೆ ದಪ್ಪ ಅಕ್ಷರ, ಕೆಳಗೆ ಇರುವೆ ಸಾಲು. ದೊಡ್ಡಪ್ಪ ಅದರ ಮುಂದೆ ನಿಂತು ಕೊನೆಯ ಸಾಲಿನವರೆಗೂ ಓದಿ ನಕ್ಕರು. ನಗು ಹೇಗೆ ಬರುತ್ತೋ ಅವರಿಗೆ. ಮೂರು ಕೆಲಸ ಬಿಟ್ಟು ಬಂದ ನನ್ನಂಥ ಅಲೆಮಾರಿಯೂ ಅವರ ಕೋಣೆಯಲ್ಲಿ ನಿಂತಿದ್ದೇನೆ, ಅದು ಸುಮ್ಮನೆ ಅಲ್ಲ.

ಇನ್ನೊಂದು ಮಜಾ ಕೇಳು. ಅವತ್ತು ನಿನ್ನ ಅತ್ತೆಯಾಗುವವರು, ಸಂಜೆ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅಂತ ಇವರ ಹತ್ತಿರ ಕಣ್ಣಿನ ಮಾತು ತೆಗೆದರು. ಟೀ ಆರಿ ತಣ್ಣಗಾಗುವವರೆಗೂ ಕೇಳಿಸಿಕೊಂಡ ದೊಡ್ಡಪ್ಪ, ತಿಳಿದುಕೊಂಡು ಹೇಳುತ್ತೇನೆ ಅಂದರು. ಎಪ್ಪತ್ತು ದಾಟಿದವರು ಮಾರನೇ ದಿನವೇ ಕಣ್ಣಾಸ್ಪತ್ರೆಗೆ ಹೋಗಿ, ತಮ್ಮ ಹಳೇ ಶಿಷ್ಯ ಪಾಠ ಮಾಡುವಾಗ ಮೀಸೆ ಮೂಡದ ಹುಡುಗರ ಜೊತೆ ಹಿಂದಿನ ಬೆಂಚಿನಲ್ಲಿ ಕೂತರು. ಆಮೇಲೆ ವಾರವೆಲ್ಲ ಹೋದರು. ನಾನು ಹತ್ತನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದವನು, ನನಗೆ ಇದು ಹುಚ್ಚು ಅನ್ನಿಸಿತು. ಆದರೆ ಅವರು ಹೀಗೇ ಅಲ್ಲವಾ? ತಮ್ಮ ರೋಗಿ ಟೈಲರ್ ಅಜ್ಜನಿಗಾಗಿ ಗುಂಡಿ ಹೊಲಿಯುವುದನ್ನೇ ಕಲಿತವರು. ಎದುರು ಕೂತರೆ ಬಾಯಿ ಬಿಡದ ಮನುಷ್ಯ, ಪಕ್ಕದಲ್ಲಿ ಸೂಜಿ ಹಿಡಿದು ಕೂತರೆ ತನ್ನ ಕಿವಿಯಲ್ಲಿ ಯಾರು ಏನೇನು ಬೈಯುತ್ತಾರೆ ಅಂತ ಎಲ್ಲಾ ಹೇಳಿದನಂತೆ.

ಆ ಅಜ್ಜನ ವಿಷಯಕ್ಕೇ ಬರುತ್ತಿದ್ದೇನೆ. ಗುಳಿಗೆ ತಪ್ಪಿದರೆ ಅವನು ತಾನು ಹೊಲಿದದ್ದನ್ನೆಲ್ಲ ಬಿಚ್ಚುತ್ತಾ ಕೂರುತ್ತಾನೆ, ಊಟ ನಿದ್ದೆ ಇಲ್ಲದೆ. ನಿನ್ನೆ ಗುಳಿಗೆಗೆ ಬಂದಿದ್ದ. ದೊಡ್ಡಪ್ಪ ಕಣ್ಣಾಸ್ಪತ್ರೆಯಲ್ಲಿದ್ದರು. ಒಳಗೆ ಹುಡುಗನ ಅಣ್ಣ ಕೂತಿದ್ದ, ಮದುವೆಯ ದಿನದ ಮಾತಿಗೆ. ನಾನು ಹಾಲು ತರುತ್ತಾ ತಿರುವಿನಲ್ಲಿದ್ದೆ. ಅಮ್ಮ ಗೇಟು ಹಿಡಿದುಕೊಂಡು ಹೇಳಿದ್ದು ನನ್ನ ಕಿವಿಯಾರೆ ಕೇಳಿದೆ: ‘ಅಂಥ ಡಾಕ್ಟರು ಇಲ್ಲಿ ಯಾರೂ ಇಲ್ಲ, ಮನೆ ತಪ್ಪಿ ಬಂದಿದೀರ.’ ಅಜ್ಜ ಬೋರ್ಡು ಇದ್ದ ಜಾಗ ನೋಡಿದ. ಅಮ್ಮನ ಮುಖ ನೋಡಿದ. ತಲೆ ಒಳಗಿನದನ್ನೇ ನಂಬಬೇಕೋ ಬೇಡವೋ ಅಂತ ಒದ್ದಾಡುವವನಿಗೆ, ಇದ್ದದ್ದನ್ನೂ ಇಲ್ಲ ಅಂದರೆ ಹೇಗಿರುತ್ತೆ ಹೇಳು. ನಾನು ಓಡಿ ಬರುವಷ್ಟರಲ್ಲಿ ಬಸ್ಸು ಹತ್ತಿಬಿಟ್ಟಿದ್ದ.

ಹೇಳಿದವಳು ಅಮ್ಮ ಕಣೇ. ನಾನು ಹುಟ್ಟಿದಾಗ ನನ್ನನ್ನು ಮುಟ್ಟದೆ, ಮಾತಾಡದೆ ಗೋಡೆ ನೋಡುತ್ತಾ ಮಲಗಿದ್ದವಳು. ನೀನೇ ಹೇಳಿದ್ದೆಯಲ್ಲ, ದೊಡ್ಡಪ್ಪ ದಿನಾ ಸಂಜೆ ಅವಳ ಮಂಚದ ಹತ್ತಿರ ಬುಟ್ಟಿ ಇಟ್ಟುಕೊಂಡು ಹುರುಳಿಕಾಯಿ ಬಿಡಿಸುತ್ತಾ ಸುಮ್ಮನೆ ಕೂರುತ್ತಿದ್ದರು, ಒಂದು ದಿನ ಅವಳು ಎದ್ದು ಬುಟ್ಟಿ ಕಿತ್ತುಕೊಂಡು ‘ನಾರು ತೆಗೆಯಕ್ಕೂ ಬರಲ್ವಾ ಭಾವ ನಿಮಗೆ’ ಅಂದಳು ಅಂತ. ಆ ಡಾಕ್ಟರು ಈಗ ‘ಅಂಥ ಡಾಕ್ಟರು’. ಮನೋವೈದ್ಯರು ಮನೆಯಲ್ಲಿದ್ದಾರೆ ಅಂದರೆ ರೋಗಿ ಯಾರು ಅಂತ ಕೇಳುತ್ತಾರೆ ಅನ್ನುವುದು ಅವಳ ಭಯ. ಅರ್ಥವಾಗುತ್ತೆ. ಆದರೂ ಅಸಹ್ಯ ಅಸಹ್ಯವೇ.

ರಾತ್ರಿ ದೊಡ್ಡಪ್ಪನಿಗೆ ಎಲ್ಲಾ ಹೇಳಿದೆ. ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ ಅವರು. ‘ಭಯ ಕಿತ್ಕೋಬಾರದು ಕಣೋ, ಅವಳೇ ಕೆಳಗಿಡಬೇಕು’ ಅಂದರು. ನನಗೆ ಅವರ ಮೇಲೂ ರೇಗಿತು. ಆದರೆ ಬೆಳಿಗ್ಗೆ ನಾನು ಏಳುವ ಮೊದಲೇ ಅಜ್ಜನ ವಿಳಾಸ ಹುಡುಕಿಟ್ಟು, ಮಂಡಿನೋವಿನಲ್ಲೇ ಚಪ್ಪಲಿ ಮೆಟ್ಟುತ್ತಿದ್ದರು. ಅವರನ್ನು ಕೂರಿಸಿ, ಗುಳಿಗೆ ನಾನೇ ತಲುಪಿಸುತ್ತೇನೆ ಅಂದಿದ್ದೇನೆ.

ಮೈ ಹುಷಾರಿ ನೋಡಿಕೋ. ಬಿಸಿನೀರು ಕೊಡದಿದ್ದರೆ ಜಗಳ ಆಡು, ನನ್ನ ಅಕ್ಕ ತಾನೇ.

ಇಂತಿ,
ನಿನ್ನ ಟೋಕನ್ ತಮ್ಮ

ಮತ್ತೆ: ನಿಂತೇ ಬರೆಯುತ್ತಿದ್ದೇನೆ. ಗುಳಿಗೆ ಕೊಡುವಾಗ ದೊಡ್ಡಪ್ಪ ಬಾಯಿ ಬಿಟ್ಟರು. ಪಾಠ ಕೇಳಿ ಬಂದ ಸಂಜೆಯೇ ನಿನ್ನ ಅತ್ತೆಯಾಗುವವರಿಗೆ ಫೋನು ಮಾಡಿ, ನಾನು ಕಣ್ಣಿನವನಲ್ಲ, ಮನಸ್ಸಿನ ಡಾಕ್ಟರು, ಆದರೆ ನಿಮ್ಮ ಕಣ್ಣು ತಡ ಮಾಡಬೇಡಿ ಅಂದರಂತೆ. ಅವರು ಮಾರನೇ ದಿನವೇ ತೋರಿಸಿಕೊಂಡು ಬಂದಿದ್ದಾರೆ, ಕಣ್ಣು ಉಳಿಯುತ್ತದಂತೆ. ‘ಕಣ್ಣಿನ ಡಾಕ್ಟರು ಇಷ್ಟು ಹೊತ್ತು ಮಾತು ಕೇಳಲ್ಲ, ಅವತ್ತೇ ಅನ್ಕೊಂಡೆ’ ಅಂದರಂತೆ. ವಾರದಿಂದ ಅವರಿಗೆ ಎಲ್ಲಾ ಗೊತ್ತು ಅಕ್ಕಾ. ಯಾರಿಂದ ಮುಚ್ಚಿಡಲು ಆ ಅಜ್ಜನನ್ನು ಅಟ್ಟಿದರೋ ಅವರಿಗೇ ಗೊತ್ತಿತ್ತು. ಬೋರ್ಡು ತೊಳೆದು ಗೇಟಿಗೆ ಹೊಡೆದೆ. ಸದ್ದಿಗೆ ಅಮ್ಮ ಬಂದಳು. ಫೋನಿನ ವಿಷಯ ಹೇಳಿದೆ. ಸೆರಗಿನಿಂದ ಬೋರ್ಡಿನ ಅಂಚಿನ ನೀರು ಒರೆಸಿದಳು. ಆಮೇಲೆ, ‘ಒಂದು ಬೋರ್ಡು ನೆಟ್ಟಗೆ ಹೊಡೆಯಕ್ಕೂ ಬರಲ್ವಾ ನಿನಗೆ’ ಅಂದಳು. ಸೊಟ್ಟಗಿದ್ದರೆ ನೀನೇ ಸರಿ ಮಾಡ್ಕೋ ಅಂತ ಸುತ್ತಿಗೆ ಅವಳ ಕೈಗಿಟ್ಟು ಒಳಗೆ ಬಂದು ಇದನ್ನು ಬರೆದೆ. ಹೊರಗೆ ಆಣಿ ಬಡಿಯುವ ಸದ್ದು ಕೇಳುತ್ತಿದೆ. ನಾನು ತಿರುಗಿ ನೋಡುವುದಿಲ್ಲ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಗುಳಿಗೆ ಜೇಬಿನಲ್ಲಿದೆ. ಅಜ್ಜನ ಮನೆಗೆ ಹೊರಟೆ.