ಬಸ್ ಕಾಯುವವರನ್ನು ಯಾಕೆ ಕೇಳಲಿಲ್ಲ?

ಕಿಟಕಿಯ ಗಾಜು ಏರಿಸಿಕೊಂಡೇ ಊರು ನೋಡುವ ಮಾನ್ಯರೇ,

‘ಶುದ್ಧ ಇಂಧನಕ್ಕೆ ಹೆಚ್ಚಿನ ಬೆಲೆ ತೆರಲು ಬೆಂಗಳೂರಿನ ಗ್ರಾಹಕರು ಸಿದ್ಧ’ ಎಂದು ನಿಮ್ಮ ಇಲಾಖೆ ಕಳೆದ ವಾರ ವೈಟ್‌ಫೀಲ್ಡಿನ ಹವಾನಿಯಂತ್ರಿತ ಹೋಟೆಲೊಂದರಲ್ಲಿ ವರದಿ ಬಿಡುಗಡೆ ಮಾಡಿ ಎದೆ ತಟ್ಟಿಕೊಂಡಿತು. ಆ ಸಿದ್ಧರಲ್ಲಿ ನಾನೂ ಒಬ್ಬ; ಹೆಸರಿನಲ್ಲೇ ಸಿದ್ಧತೆ ಇಟ್ಟುಕೊಂಡು ಹುಟ್ಟಿದವನು. ಆದರೂ ಸುದ್ದಿ ಓದಿ ವಾಕರಿಕೆ ಬಂತು. ಹೊಗೆಯಿಂದಲ್ಲ, ನಿಮ್ಮಿಂದ. ಹೊಗೆ ಬಿಡುವವರನ್ನೆಲ್ಲ ಕೇಳಿದ ನೀವು, ಹೊಗೆ ಕುಡಿಯುವವರನ್ನು ಕೇಳಲೇ ಇಲ್ಲ.

ಕೇಳಿದ ವೈಖರಿಗೆ ನಾನೇ ಸಾಕ್ಷಿ. ನಾಗಸಂದ್ರದ ಬಸ್ ನಿಲ್ದಾಣದ ಪಕ್ಕದ ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲು ಹಾಕಿಸುತ್ತಿದ್ದೆ. ಬಸ್ಸಿಗೆ ಬಿಡಲು ಕರೆತಂದಿದ್ದ ನನ್ನ ಹೆಂಡತಿ ನೀಲಾಂಬಿಕಾ ಪಕ್ಕದಲ್ಲಿದ್ದಳು. ಟೈ ಕಟ್ಟಿದ ನಿಮ್ಮ ಸಮೀಕ್ಷಕ ಬಂದ.

“ಸಾರ್, ಕಡಿಮೆ ಹೊಗೆ ಬಿಡೋ ಪೆಟ್ರೋಲು ಬಂದ್ರೆ ಲೀಟರಿಗೆ ಎಷ್ಟು ಜಾಸ್ತಿ ಕೊಡ್ತೀರಾ?”

“ಎರಡು ರೂಪಾಯಿ” ಎಂದೆ, ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ದಾನ ಮಾಡಿದವನ ಗತ್ತಿನಲ್ಲಿ.

“ನಾನು ಹತ್ತು ಕೊಡ್ತೀನಿ, ಬರ್ಕೊಳಪ್ಪಾ” ಎಂದಳು ನೀಲಾಂಬಿಕಾ.

“ಮೇಡಂ, ನಿಮ್ಮ ಗಾಡಿ ಯಾವ್ದು?”

“ಗಾಡಿ ಎಲ್ಲಿಂದ ಬರಬೇಕು? ಬಸ್ಸು.”

“ಹಾಗಾದ್ರೆ ಆಗಲ್ಲ ಮೇಡಂ. ಗ್ರಾಹಕರದ್ದು ಮಾತ್ರ ತಗೊಳ್ಳಿ ಅಂತ ಹೇಳವ್ರೆ.”

“ಈ ಸ್ಕೂಟರ್ ಪೆಟ್ರೋಲು ಕುಡೀತದೆ. ಅದು ಕುಡಿದು ಬಿಟ್ಟಿದ್ದನ್ನ ನಾನು ಕುಡೀತೀನಿ. ನಾನು ಗ್ರಾಹಕಿ ಅಲ್ವೇನೋ ತಮ್ಮಾ?”

“ನನ್ಗೂ ಗಾಡಿ ಇಲ್ಲ ಅಕ್ಕಾ, ನನ್ನೂ ಯಾರೂ ಕೇಳಿಲ್ಲ” ಎಂದು ಆತ ನಕ್ಕ. ನಗುತ್ತಲೇ ಕೆಮ್ಮಿದ.

ಮಾನ್ಯರೇ, ಈ ನೀಲಾಂಬಿಕಾ ಪೀಣ್ಯದ ಪ್ರೌಢಶಾಲೆಯಲ್ಲಿ ಕನ್ನಡ ಮೇಡಂ. ಹಳಗನ್ನಡ ಪದ್ಯದ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿ, ಕೊನೆಯ ಬೆಂಚಿನ ನಿದ್ದೆಯನ್ನೂ ಓಡಿಸುತ್ತಿದ್ದವಳು. ಈಗ ಸಾಲು ಅರ್ಧವಾಗುವಷ್ಟರಲ್ಲಿ ಉಸಿರು ಮುಗಿದು ಇನ್‌ಹೇಲರ್ ಹುಡುಕುತ್ತಾಳೆ; ಉಳಿದರ್ಧವನ್ನು ಮಕ್ಕಳ ಕೈಲಿ ಓದಿಸುತ್ತಾಳೆ. ಪಾಠವೊಪ್ಪಿಸಬೇಕಾದ ಮಕ್ಕಳು ಮೇಡಮ್ಮಿಗೆ ಉಸಿರೊಪ್ಪಿಸುತ್ತಿದ್ದಾರೆ. ಡಾಕ್ಟರು ಈಗೀಗ ಸುತ್ತಿಬಳಸಿ ಹೇಳುವುದಿಲ್ಲ: “ಈ ರಸ್ತೆ ಬಿಡಿ, ಇಲ್ಲಾ ಕೆಲಸ ಬಿಡಿ ಅಮ್ಮಾ.” ನೋಡಿ ವ್ಯವಸ್ಥೆ! ಲಾರಿ ಹೊಗೆ ಬಿಡುತ್ತದೆ, ಬಸ್ಸು ಹೊಗೆ ಬಿಡುತ್ತದೆ, ನೀವು ವರದಿ ಬಿಡುತ್ತೀರಿ. ಕೆಲಸ ಬಿಡಬೇಕಾದವಳು ಮಾತ್ರ ನೀಲಾಂಬಿಕಾ. ಸಮೀಕ್ಷೆ ನಿಮ್ಮದು, ಶಿಕ್ಷೆ ಅವಳದು. ಮೊನ್ನೆ ‘ಹಸಿರೇ ಉಸಿರು’ ಎಂದು ಬೆನ್ನ ಮೇಲೆ ಬರೆದುಕೊಂಡ ಕಾರ್ಖಾನೆಯ ಬಸ್ಸೊಂದು ಅವಳ ಮುಖಕ್ಕೇ ಕಪ್ಪಗೆ ಉಸಿರಾಡಿ ಹೋಯಿತು. ಬಿಳಿ ಸೀರೆ ಉಡುವುದನ್ನು ಅವಳು ಎಂದೋ ನಿಲ್ಲಿಸಿದ್ದಾಳೆ.

ಇನ್ನು ನಾವು ಹೆಚ್ಚು ಕೊಟ್ಟು ಕೊಳ್ಳುವ ಶುದ್ಧತೆಯ ಕಥೆ. ಪೆಟ್ರೋಲಿರಲಿ ಡೀಸೆಲ್ಲಿರಲಿ, ನಗರದೊಳಗಿನ ಬಂಕುಗಳಿಗೆ ಹೊಸ ಎಣ್ಣೆ, ಊರಾಚೆಯವಕ್ಕೆ ಹಳೆಯದೇ ಗತಿ ಎಂದು ವರದಿಯಲ್ಲಿ ಗೆರೆ ಎಳೆದಿದ್ದೀರಿ. ಹೊಗೆಗೂ ಅಲ್ಲೊಂದು ಚೆಕ್‌ಪೋಸ್ಟ್ ಹಾಕಿದ್ದೀರೋ? ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯ ಲಾರಿ ಚಾಲಕ ಭೀಮಪ್ಪನನ್ನು ಕೇಳಿದೆ. “ಸಿಟಿ ಒಳಗ ಯಾಕ ಹಾಕಸಬೇಕ್ರೀ ಸರ? ಹೊರಗ ಅಗ್ಗ ಸಿಗತೈತಲ್ಲ. ಅಲ್ಲೇ ಟ್ಯಾಂಕ್ ತುಂಬಿಸ್ಕೊಂಡು ಬರೂದು, ಇಲ್ಲಿ ಸುಟ್ಟು ಹೋಗೂದು” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಲಾರಿ ಬಾಡಿಗೆಯಲ್ಲಿ ಅವನಿಗೂ ನಾಲ್ಕು ಕಾಸು ಉಳಿಯಬೇಕು. ಅವನು ಹಿಡಿಯುವುದು ಕಳ್ಳದಾರಿಯೂ ಅಲ್ಲ, ನೀವೇ ಹಾಕಿಕೊಟ್ಟ ಹೆದ್ದಾರಿ. ಆದರೆ ನಾನು ದುಡ್ಡು ಕೊಟ್ಟು ತೊಳೆದ ಗಾಳಿಗೆ ಅವನ ಲಾರಿ ಮಸಿ ಬಳಿಯುವುದೇ ನಿಮ್ಮ ಯೋಜನೆಯಾದರೆ, ಅದನ್ನು ‘ಶುದ್ಧ ಇಂಧನ’ ಎನ್ನಬೇಡಿ. ‘ಇಂ’ ನಮಗೆ ಬಿಟ್ಟು ‘ಧನ’ ನೀವು ಎತ್ತಿಕೊಳ್ಳುತ್ತೀರಿ, ಅಷ್ಟೆ.

ಹೆಚ್ಚು ಕೊಡಲು ನಾನು ಈಗಲೂ ಸಿದ್ಧ. ಎರಡಲ್ಲ, ಹೆಂಡತಿ ಹೇಳಿದ ಹತ್ತನ್ನೇ ಕೊಡುತ್ತೇನೆ. ಆದರೆ ಊರೊಳಗೂ ಊರಾಚೆಗೂ ಒಂದೇ ಎಣ್ಣೆ ಬರಲಿ. ಲಾರಿ, ಬಸ್ಸುಗಳಿಂದಲೇ ಮೊದಲಾಗಲಿ. ನಿಮ್ಮ ಸಮೀಕ್ಷಕನನ್ನು ಮತ್ತೆ ಕಳುಹಿಸಿ, ಈ ಸಲ ನಿಲ್ದಾಣಕ್ಕೆ. ಅದೂ ಆಗದಿದ್ದರೆ ಒಂದು ಬೆಳಿಗ್ಗೆ ನೀವೇ ಬನ್ನಿ. ಶಾಲೆಗೆ ಹೊರಡುವ ಹೊತ್ತಿಗೆ ನಾಗಸಂದ್ರದ ನಿಲ್ದಾಣದಲ್ಲಿ ನಿಂತು, ನಿಮ್ಮ ವರದಿಯನ್ನು ನೀವೇ ಗಟ್ಟಿಯಾಗಿ ಓದಿ. ಒಂದು ಪುಟ ಸಾಕು. ನೀಲಾಂಬಿಕಾ ಪಕ್ಕದಲ್ಲೇ ನಿಂತಿರುತ್ತಾಳೆ. ತಪ್ಪು ಓದಿದರೆ ತಿದ್ದುತ್ತಾಳೆ, ಉಸಿರಿದ್ದರೆ.

ಇಂತಿ,
ಬಂಕಿನಲ್ಲಿ ಬೆಲೆ ಹೇಳಿ, ಮನೆಯಲ್ಲಿ ಬೆಲೆ ಕಳೆದುಕೊಂಡ
ನಿಮ್ಮ ಅಧಿಕೃತ ಗ್ರಾಹಕ,
ಸಿದ್ದರಾಮಪ್ಪ
ನಾಗಸಂದ್ರ