ನೆಮ್ಮದಿ ಕ್ಲಾಸಿನ ಹಾಜರಿ

ಜರಗನಹಳ್ಳಿ
ಗುರುವಾರ, ನವೆಂಬರ್ ೧೩, ರಾತ್ರಿ ಎರಡೂವರೆ

ಪ್ರೀತಿಯ ಸುಮೇಧ,

ರೂಮಿನ ಬಾಗಿಲು ತೆರೆದಿಟ್ಟೇ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ತೊಟ್ಟಿಲಿನ ಸರಪಳಿ ಕಿರುಗುಟ್ಟುವ ಸದ್ದಿಗೆ ಎಚ್ಚರವಾಯಿತು. ಸಮ್ಮು ಅಳಲೇ ಇಲ್ಲವಲ್ಲ ಅಂತ ಹಾಲ್‌ಗೆ ಬಂದರೆ, ನಿನ್ನ ತಮ್ಮ ಲೈಟೂ ಹಾಕದೆ ಕೂತು, ಗಾಢವಾಗಿ ಮಲಗಿರೋ ಮಗುವನ್ನ ತೂಗ್ತಿದ್ದಾನೆ. "ನೀವು ಮಲಗಿ ಅತ್ತಿಗೆ, ನನಗೆ ಹೇಗೂ ನಿದ್ದೆ ಬರಲ್ಲ" ಅಂದ. ನನಗೆ ಮಾತ್ರ ಎಲ್ಲಿಂದ ಬರಬೇಕು? ಅಡುಗೆಮನೆ ಬಾಗಿಲು ತೆರೆದಿಟ್ಟು, ಅವನು ಕಾಣೋ ಹಾಗೆ ಕೂತು ಈ ಮೇಲ್ ಬರೀತಿದ್ದೀನಿ.

ನಿನ್ನ ಕೆಮ್ಮು ಹೇಗಿದೆ? ಸೂರತ್ ಸೈಟಿನ ಆ ಧೂಳಲ್ಲಿ ಮಾಸ್ಕ್ ಮೂಗಿಗಿದೆಯೋ, ಕುತ್ತಿಗೆಗೋ? ನೈಟ್ ಶಿಫ್ಟ್ ಅಂತ ಬರೀ ಟೀ ಕುಡ್ಕೊಂಡು ಇರಬೇಡ. ನಿನ್ನ ಮಗಳಿಗೆ ಕೆಳಗಡೆ ಎರಡು ಹಲ್ಲು ಬಂದಿದೆ. ಮೊದಲು ಕಂಡುಹಿಡಿದಿದ್ದು ಅವಳ ಚಿಕ್ಕಪ್ಪನೇ, ಬೆರಳು ಕಚ್ಚಿಸಿಕೊಂಡು.

ಆ ಚಿಕ್ಕಪ್ಪನ ವಿಷಯಕ್ಕೇ ಬರೀತಿರೋದು. ಭಾರ್ಗವನ ಕಾಲೇಜಲ್ಲಿ ಈ ವರ್ಷದಿಂದ ಪ್ರತಿ ಶನಿವಾರ ಮಾನಸಿಕ ಆರೋಗ್ಯದ ಕ್ಲಾಸು. ಹುಡುಗರು ಅದಕ್ಕೆ ನೆಮ್ಮದಿ ಕ್ಲಾಸ್ ಅಂತ ಹೆಸರಿಟ್ಟಿದ್ದಾರೆ. ಆಡಿಟೋರಿಯಂ ತುಂಬ ಇಂಜಿನಿಯರಿಂಗ್ ಮಕ್ಕಳನ್ನ ಕೂರಿಸಿ, ಸ್ಲೈಡ್ ತೋರಿಸಿ, ಉಸಿರು ಎಳ್ಕೊಳ್ಳಿ ಬಿಡಿ ಅಂತಾರಂತೆ. ಬಾಗಿಲಲ್ಲಿ ಬೆರಳು ಒತ್ತಿ ಹಾಜರಿ. ಹಾಸಿಗೆಯಿಂದ ಏಳೋಕೇ ಆಗದ ನಿನ್ನ ತಮ್ಮನಿಗೆ ಅದರಲ್ಲೇ ಹಾಜರಿ ಸಾಲದು. ನಿನ್ನೆ ಅವನ ಮೆಂಟರ್ ಫೋನ್ ಮಾಡಿ, "ಸ್ಟ್ರೆಸ್ ಮ್ಯಾನೇಜ್‌ಮೆಂಟಲ್ಲೇ ಶಾರ್ಟೇಜ್ ಆದ್ರೆ ಹೇಗೆ ಮೇಡಂ?" ಅಂತ ನನ್ನನ್ನೇ ಕೇಳಿದರು. ಇವತ್ತು ಹತ್ತಕ್ಕೆ ಮನೆಯವರು ಬರಬೇಕಂತೆ, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹುಡುಗ ಯಾಕೆ ಬರ್ತಿಲ್ಲ ಅಂತ ಒಮ್ಮೆಯಾದರೂ ವಿಚಾರಿಸಿದ್ರಾ ಸಾರ್ ಅಂದೆ. ಅದಕ್ಕೆ ಕೌನ್ಸೆಲರ್ ಇದ್ದಾರೆ ಅಂದರು. ಇದ್ದಾರೆ, ಮಂಗಳವಾರ ಮಧ್ಯಾಹ್ನ, ಇವನಿಗೆ ಲ್ಯಾಬ್ ಇರೋ ಹೊತ್ತಲ್ಲಿ, ಎಚ್‌ಒಡಿ ಕೋಣೆಯ ಎದುರಿನ ಗಾಜಿನ ಬಾಗಿಲ ಹಿಂದೆ. ಒಂದು ಸಲ ಹೋಗಿ ನಿಂತಿದ್ದನಂತೆ. ಕ್ಲಾಸ್‌ಮೇಟ್ ಒಬ್ಬ, ಏನ್ ಮಗಾ, ನಿನಗೂ ಸ್ಕ್ರೂ ಲೂಸಾಯ್ತಾ ಅಂದನಂತೆ. ಇವನೂ ನಕ್ಕು ವಾಪಸ್ ಬಂದಿದ್ದಾನೆ.

ಈಗ ನಿನಗೆ ಗೊತ್ತಿಲ್ಲದ್ದನ್ನ ಹೇಳ್ತೀನಿ. ನಿನ್ನೆ ಮಧ್ಯಾಹ್ನ ಸಮ್ಮುವಿನ ಬಟ್ಟೆ ಮಡಚ್ತಾ, ಮೊಸರು ಮುಗಿದಿದೆ ಅನ್ನೋ ಧಾಟಿಯಲ್ಲಿ, "ನಾನಿಲ್ದಿದ್ರೆ ನಿಮಗೆಲ್ಲ ಆರಾಮು ಅತ್ತಿಗೆ" ಅಂದ. ನೇರವಾಗಿ ಕೇಳಿಬಿಟ್ಟೆ, ಸಾಯೋ ಯೋಚನೆ ಬರ್ತಿದೆಯಾ ಅಂತ. ತಲೆ ತಗ್ಗಿಸಿ, ಹೂಂ ಅಂದ. ಕೂಡಲೇ ಜಯನಗರದ ಮನೋವೈದ್ಯರೊಬ್ಬರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಸಿಕ್ಕಿದ್ದು ಇವತ್ತು ಹತ್ತು ಗಂಟೆಯೇ. ಅಲ್ಲಿಯವರೆಗೆ ಒಬ್ಬನೇ ಬಿಡಬೇಡಿ ಅಂದರು. ಅವನೂ ಬರ್ತೀನಿ ಅಂತ ಒಪ್ಪಿಕೊಂಡಿದ್ದ.

ಸಂಜೆ ನಿನಗೆ ಫೋನ್ ಮಾಡಿದಾಗ ಅವನು ಪಕ್ಕದಲ್ಲೇ ಇದ್ದ, ಅದಕ್ಕೆ ಇದನ್ನ ಬಾಯಿಬಿಡೋಕೆ ಆಗಲಿಲ್ಲ. ಕಾಲೇಜಿಗೆ ಕರೆದಿದ್ದಾರೆ, ಆದರೆ ಅದೇ ಹೊತ್ತಿಗೆ ಇವನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕು ಅಂತ ನಾನು ಅಂದಿದ್ದಷ್ಟೇ. ನೀನು ಏನಂದೆ, ನೆನಪಿದೆಯಾ? "ಮೊದಲು ಕಾಲೇಜಿಗೆ ಹೋಗಿ ಮುಗಿಸಲಿ, ಡ್ರಾಮಾ ಆಮೇಲೆ ನೋಡೋಣ." ಕಂಕುಳಲ್ಲಿ ಮಗು ಅಂತ ಫೋನ್ ಸ್ಪೀಕರಲ್ಲಿತ್ತು. ಅವನು ಕೇಳಿಸಿಕೊಂಡ. ಎದ್ದು ತಟ್ಟೆ ತೊಳೆದಿಟ್ಟು, ಬೇಡ ಅತ್ತಿಗೆ, ಅಣ್ಣ ಹೇಳ್ದಂಗೆ ಕಾಲೇಜಿಗೇ ಹೋಗೋಣ ಅಂದ. ಅಲ್ಲಿಂದ ಇಲ್ಲಿವರೆಗೂ ನಾನು ಹೇಳಿದ್ದೊಂದೂ ಅವನ ಕಿವಿಗೆ ಹೋಗ್ತಿಲ್ಲ. ಆ ಕಾಲೇಜು ಹಾಜರಿ ಎಣಿಸುತ್ತೆ ಅಂತ ಬೈಯ್ತಾ ಇದ್ದೆ ಸುಮೇಧ; ನೀನೂ ಅದನ್ನೇ ಮಾಡಿದೆಯಲ್ಲ.

ಹಾಲ್ ಟಿಕೆಟ್ ಹೋದರೆ ಹೋಗಲಿ. ಸೆಮಿಸ್ಟರ್ ಇನ್ನೊಂದು ಬರುತ್ತೆ.

ಸಿಟ್ಟಲ್ಲಿ ಏನೇನೋ ಬರೆದಿರಬಹುದು, ಒಂದನ್ನೂ ಅಳಿಸಲ್ಲ. ನೀನು ಹುಷಾರು. ಮಗಳ ಕಡೆಯಿಂದ ಒಂದು ಕಚ್ಚು ಮುತ್ತು.

ನಿನ್ನ
ಶರ್ವಾಣಿ

ಇನ್ನೊಂದು: ಸಮ್ಮು ಈಗ ಹಾಲು ಕುಡಿಯೋಕೆ ಎದ್ದಳು, ನನ್ನ ಮಡಿಲಲ್ಲಿದ್ದಾಳೆ. ಅವನು ಇನ್ನೂ ತೂಗ್ತಾನೇ ಇದ್ದಾನೆ. ಖಾಲಿ ತೊಟ್ಟಿಲು ತೂಗಬಾರದು ಅಂತಾರಲ್ಲ ನಿಮ್ಮಮ್ಮ, ಅದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವನ ಫೋನ್ ತೊಡೆ ಮೇಲೇ ಇದೆ. ಟೀ ಬ್ರೇಕಲ್ಲಿ ಇದನ್ನ ನೋಡಿದ ತಕ್ಷಣ ಫೋನ್ ಮಾಡು, ನನಗಲ್ಲ, ಅವನಿಗೆ. ಕಾಲೇಜಿನ ಸುದ್ದಿ ಎತ್ತಬೇಡ. ಅತ್ತಿಗೆ ಜೊತೆ ಡಾಕ್ಟರ ಹತ್ರ ಹೋಗು ಪುಟ್ಟ ಅನ್ನು, ಅಷ್ಟು ಸಾಕು. ನಿನ್ನ ದಮ್ಮಯ್ಯ, ಬೆಳಗಾಗೋದರೊಳಗೆ ಮಾಡು.